ಸಿಗಡಿ ತೊಟ್ಟಿಯೊಳಗಿನ ಬೆಳಕು: ಬ್ಯಾಕ್ಟೀರಿಯಾಗಳ ಮಾತುಕತೆ ಗೊತ್ತಾದ ಬಗೆ

ಕೆಲವು ವರ್ಷ ಮಲ್ಪೆ, ಪಡುಕೆರೆ ಕಡೆ ರಾತ್ರಿ ತೆರೆ ಒಡೆದಲ್ಲೆಲ್ಲ ನೀಲಿ ಬೆಳಕು ಕಾಣುತ್ತದೆ. ವಿಡಿಯೊಗಳು ಹರಿದಾಡುತ್ತವೆ. ಬ್ಯಾಕ್ಟೀರಿಯಾದಿಂದ ಹೀಗಾಗಿದೆ ಅಂತ ಯಾರೋ ಬರೆದಿರುತ್ತಾರೆ. ಸಾಮಾನ್ಯವಾಗಿ ಅದು ಬ್ಯಾಕ್ಟೀರಿಯಾ ಅಲ್ಲ, ನಾಕ್ಟಿಲೂಕಾ ಎಂಬ ಏಕಕೋಶ ಜೀವಿ. ನೀರು ಅಲುಗಾಡಿದಾಗ ಮಾತ್ರ ಮಿಂಚಿ ಆರುತ್ತದೆ. ಬ್ಯಾಕ್ಟೀರಿಯಾದ ಬೆಳಕು ಬೇರೆ ಥರದ್ದು. ಯಾರೂ ಕದಲಿಸದಿದ್ದರೂ ಒಂದೇ ಸಮನೆ ಬೆಳಗುತ್ತದೆ. ಆದರೆ ಸುತ್ತ ತನ್ನವರು ಸಾಕಷ್ಟು ಇದ್ದರೆ ಮಾತ್ರ.

ಹಾಗಾದರೆ ಸುತ್ತ ಎಷ್ಟು ಜನ ಇದ್ದಾರೆ ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದವರಿಗೇ ಬ್ಯಾಕ್ಟೀರಿಯಾಗಳ ಮಾತುಕತೆ ಸಿಕ್ಕಿದ್ದು. ಆ ಹುಡುಕಾಟಕ್ಕೂ ನಮ್ಮ ಮಂಗಳೂರಿಗೂ ಒಂದು ನಂಟಿದೆ. ಅದು ಇಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ.

ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ಹಾರ್ಮೋನಿನಂಥ ಏನನ್ನೋ ಹೊರಗೆ ಬಿಡುತ್ತದೆ ಎಂದು ಅಲೆಕ್ಸಾಂಡರ್ ಟೊಮಾಸ್ 1965ರಲ್ಲೇ ತೋರಿಸಿದ್ದರು. ಆದರೆ ವಿಷಯ ಸ್ಪಷ್ಟವಾಗಿ ಅರ್ಥವಾಗಿದ್ದು ಕಡಲ ಬ್ಯಾಕ್ಟೀರಿಯಾದಿಂದ. ಹಾರ್ವರ್ಡ್‌ನಲ್ಲಿ ಕೆನೆತ್ ನೀಲ್ಸನ್, ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ ಮತ್ತು ಜೊತೆಯವರು ಬೆಳಗುವ ಬ್ಯಾಕ್ಟೀರಿಯಾವನ್ನು ಹೊಸ ಸಾರಿನಲ್ಲಿ (ಪೋಷಕಾಂಶವಿರುವ ದ್ರವದಲ್ಲಿ) ಬೆಳೆಸುತ್ತಿದ್ದರು. ಸಂಖ್ಯೆ ಏರುತ್ತಿತ್ತು, ಬೆಳಕು ಮಾತ್ರ ಇರಲಿಲ್ಲ. ಫ್ಲಾಸ್ಕ್ ತುಂಬ ಬ್ಯಾಕ್ಟೀರಿಯಾ ಆದಮೇಲೆ ಒಮ್ಮೆಲೇ ಬೆಳಕು ಏರುತ್ತಿತ್ತು. ಅವರು ಮಾಡಿದ್ದು ಸರಳ ಕೆಲಸ. ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದ ಹಳೇ ಸಾರನ್ನು ಸೋಸಿ ಹೊಸ ಬೆಳೆಗೆ ಹಾಕಿದರು. ಸಂಖ್ಯೆ ಇನ್ನೂ ಕಡಿಮೆ ಇದ್ದಾಗಲೇ ಬೆಳಕು ಬಂತು. ಅಂದರೆ ಬ್ಯಾಕ್ಟೀರಿಯಾಗಳೇ ನೀರಿಗೆ ಏನೋ ಬಿಡುತ್ತಿದ್ದವು. ಇದು ಪ್ರಕಟವಾಗಿದ್ದು 1970ರಲ್ಲಿ. ವಿಬ್ರಿಯೊ ಫಿಷರಿ ಎಂಬ ಪ್ರಭೇದ ಬಿಡುವ ಆ ವಸ್ತು ಯಾವುದೆಂದು 1981ರಲ್ಲಿ ಗೊತ್ತಾಯಿತು. ಹೋಮೊಸೆರಿನ್ ಲ್ಯಾಕ್ಟೋನ್ ಜಾತಿಯ ಒಂದು ಪುಟ್ಟ ಅಣು.

ಕೆಲಸ ನಡೆಯುವುದು ಹೀಗೆ. ಪ್ರತಿ ಬ್ಯಾಕ್ಟೀರಿಯಾವೂ ಈ ಅಣುವನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತದೆ. ಕಡಲ ನೀರಿನಲ್ಲಿ ಬ್ಯಾಕ್ಟೀರಿಯಾ ಒಂಟಿಯಾಗಿದ್ದರೆ ಆ ಅಣು ಕೊಚ್ಚಿಹೋಗುತ್ತದೆ. ಹವಾಯಿಯ ಒಂದು ಪುಟ್ಟ ಬೊಂಡಾಸ್ (ಸ್ಕ್ವಿಡ್) ತನ್ನ ಮೈಯೊಳಗೆ ಇದೇ ಬ್ಯಾಕ್ಟೀರಿಯಾವನ್ನು ಸಾಕಿಕೊಂಡಿರುತ್ತದೆ. ಅಲ್ಲಿ ಕೋಟಿಗಟ್ಟಲೆ ಒಟ್ಟಿಗೆ ಇರುವುದರಿಂದ ಅಣು ಜಮೆಯಾಗುತ್ತದೆ. ಒಂದು ಮಟ್ಟ ದಾಟಿದಾಗ ಜೀವಕೋಶದೊಳಗಿನ ಪ್ರೋಟೀನಿಗೆ ಅಂಟಿ ಬೆಳಕಿನ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಗ್ರಾಮಸಭೆಯಲ್ಲಿ ಕೋರಂ ಆಗದೆ ತೀರ್ಮಾನ ಆಗುವುದಿಲ್ಲವಲ್ಲ, ಹಾಗೇ. 1994ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ಇದಕ್ಕೆ ಕೋರಂ ಸೆನ್ಸಿಂಗ್ ಎಂದೇ ಹೆಸರಿಟ್ಟರು. ಅಷ್ಟು ಹೊತ್ತಿಗೆ ಗಿಡ ಕೊಳೆಸುವ, ಮನುಷ್ಯರಿಗೆ ಸೋಂಕು ತರುವ ಬ್ಯಾಕ್ಟೀರಿಯಾಗಳಲ್ಲೂ ಇದೇ ಜಾತಿಯ ಅಣುಗಳು ಸಿಕ್ಕಿದ್ದವು. ಅಲ್ಲಿಯವರೆಗೆ ಇದನ್ನು ಕಡಲ ಬೆಳಕಿನ ಒಂದು ವಿಚಿತ್ರ ಎಂದಷ್ಟೇ ನೋಡಲಾಗಿತ್ತು.

ಇನ್ನು ಮಂಗಳೂರಿನ ವಿಷಯ. 1993-94ರಲ್ಲಿ ಅಮೆರಿಕದಲ್ಲಿ ಬಾನಿ ಬಾಸ್ಲರ್ ಮತ್ತು ಸಂಗಡಿಗರು ವಿಬ್ರಿಯೊ ಹಾರ್ವೆಯಿ ಎಂಬ ಇನ್ನೊಂದು ಬೆಳಗುವ ಬ್ಯಾಕ್ಟೀರಿಯಾ ಎರಡು ಬೇರೆ ಸಂಕೇತಗಳನ್ನು ಕೇಳಿಸಿಕೊಳ್ಳುತ್ತದೆ ಎಂದು ತೋರಿಸಿದರು. (ಆ ತಳಿ ನಿಜವಾಗಿ ಹಾರ್ವೆಯಿಯ ಹತ್ತಿರದ ಸಂಬಂಧಿ ಎಂದು ಆಮೇಲೆ ತಿಳಿಯಿತು.) ಅದೇ 1994ರಲ್ಲಿ ನಮ್ಮ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಜೊತೆಯವರು ಪ್ರಕಟಿಸಿದ್ದು ಇದೇ ಹಾರ್ವೆಯಿ ಬಗ್ಗೆ. ಹ್ಯಾಚರಿಯಲ್ಲಿ, ಅಂದರೆ ಮರಿ ಮಾಡುವ ಕೇಂದ್ರದಲ್ಲಿ, ಟೈಗರ್ ಸಿಗಡಿ ಮರಿಗಳು ರಾಶಿರಾಶಿ ಸತ್ತಿದ್ದವು. ಕೊಂದ ಬ್ಯಾಕ್ಟೀರಿಯಾ ಆಂಟಿಬಯಾಟಿಕ್‌ಗಳಿಗೂ ಜಗ್ಗದ್ದು. 1996ರಲ್ಲಿ ಅದೇ ಮಂಗಳೂರಿನ ತಂಡದಿಂದ ಇನ್ನೊಂದು ಅಂಶ ಬಂತು. ಅದು ಸಿಮೆಂಟ್, ಪ್ಲಾಸ್ಟಿಕ್, ಸ್ಟೀಲ್ ಮೇಲೆ ಲೋಳೆ ಪದರ ಕಟ್ಟಿ ಕೂರುತ್ತದೆ, ಕ್ಲೋರಿನ್ ಹಾಕಿದರೂ ಪೂರ್ತಿ ಸಾಯುವುದಿಲ್ಲ.

ಒಂದು ಕಡೆ ಅದರ ಮಾತು ಬಿಡಿಸಿದರು, ಇನ್ನೊಂದು ಕಡೆ ಅದು ಮಾಡುವ ಹಾನಿ ಅಳೆದರು. ನನಗೆ ಎರಡೂ ಒಂದೇ ಕತೆಯ ಎರಡು ತುದಿಗಳಾಗಿ ಕಾಣುತ್ತವೆ. ಮಂಗಳೂರಿನ ಕೆಲಸಕ್ಕೂ ಅಷ್ಟೇ ಗೌರವ ಸಲ್ಲಬೇಕು.

ಬಾಸ್ಲರ್ ತಂಡ ಕಂಡ ಎರಡನೇ ಸಂಕೇತ ಬೇರೆ ಬೇರೆ ಪ್ರಭೇದಗಳಲ್ಲೂ ಇತ್ತು. ಅಂದರೆ ಪರಜಾತಿಯವರ ಜೊತೆಗೂ ಮಾತು ನಡೆಯುತ್ತದೆ. 2002ರಲ್ಲಿ ಆ ಅಣುವಿನ ರಚನೆ ಸಿಕ್ಕಾಗ ಅದರೊಳಗೆ ಬೋರಾನ್ ಇತ್ತು. ಜೀವಿಗಳ ಅಣುಗಳಲ್ಲಿ ಬೋರಾನ್ ಅಪರೂಪ, ಕಡಲ ನೀರಿನಲ್ಲಿ ಧಾರಾಳ. ಮಾತು ಕೆಡಿಸುವವರೂ ಇದ್ದಾರೆ. ಕರುಳಿನ ಬ್ಯಾಕ್ಟೀರಿಯಾ ಇ. ಕೊಲೈ ಈ ಎರಡನೇ ಸಂಕೇತವನ್ನು ನುಂಗಿ ಪಕ್ಕದವರ ಲೆಕ್ಕ ತಪ್ಪಿಸುತ್ತದೆ. ಬ್ಯಾಸಿಲಸ್ ಎಂಬ ಜಾತಿಯ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಲ್ಯಾಕ್ಟೋನ್ ಅಣುವನ್ನೇ ಕತ್ತರಿಸುವ ಕಿಣ್ವವಿದೆ. ಆಸ್ಟ್ರೇಲಿಯಾದ ಒಂದು ಕೆಂಪು ಪಾಚಿ ತನ್ನ ಮೇಲೆ ಬ್ಯಾಕ್ಟೀರಿಯಾ ಕೂರದಂತೆ ಫ್ಯೂರನೋನ್ ಎಂಬ ವಸ್ತು ಮಾಡುತ್ತದೆ.

ಆ ಪಾಚಿಯ ಫ್ಯೂರನೋನ್ ಹಾರ್ವೆಯಿಯ ಬೆಳಕನ್ನೂ ವಿಷವನ್ನೂ ತಗ್ಗಿಸುತ್ತದೆ ಎಂದು 2000ರಲ್ಲಿ ಪ್ರಕಟವಾಯಿತು. ಕೊಲ್ಲದೆ ಬಾಯಿ ಕಟ್ಟಿದರೆ ಆಂಟಿಬಯಾಟಿಕ್ ಬೇಕಿಲ್ಲ, ಅಲ್ವಾ? ಸಿಗಡಿಯಲ್ಲಿ ಆಂಟಿಬಯಾಟಿಕ್ ಅಂಶ ಸಿಕ್ಕರೆ ರಫ್ತು ಮಾಡಿದ ಮಾಲು ವಾಪಸ್ ಬರುತ್ತದೆ. ಹಾಗಾಗಿ ಕುಂದಾಪುರದ ಕಡೆ ಸಿಗಡಿ ಕೆರೆ ಇಟ್ಟವರಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ಅಷ್ಟು ಸುಲಭವಿಲ್ಲ. ಪ್ರಮಾಣ ಏರಿದರೆ ಫ್ಯೂರನೋನ್ ತಾನೇ ವಿಷ. ಕಾಲರಾ ಬ್ಯಾಕ್ಟೀರಿಯಾದ ದಾರಿ ಉಲ್ಟಾ: ಗುಂಪು ದೊಡ್ಡದಾದಾಗ ಅದು ರೋಗದ ವಂಶವಾಹಿಗಳನ್ನು ಬಂದ್ ಮಾಡುತ್ತದೆ. ಅಲ್ಲಿ ಮಾತು ನಿಲ್ಲಿಸಿದರೆ ಕೆಡುಕೇ ಜಾಸ್ತಿ ಆಗಬಹುದು. ಹಾರ್ವೆಯಿ ಗುಂಪಿನ ಬ್ಯಾಕ್ಟೀರಿಯಾ ಕೇಳುವುದು ಎರಡಲ್ಲ, ಮೂರು ಸಂಕೇತ ಎಂದು 2004ರಲ್ಲಿ ಗೊತ್ತಾಯಿತು. ಬ್ಯಾಸಿಲಸ್‌ನ ಕಿಣ್ವ ಅದರಲ್ಲಿ ಲ್ಯಾಕ್ಟೋನ್ ಒಂದನ್ನೇ ಕತ್ತರಿಸುತ್ತದೆ, ಉಳಿದೆರಡು ಹಾಗೇ ಇರುತ್ತವೆ. ಆದ್ದರಿಂದ ಹ್ಯಾಚರಿಯಲ್ಲಿ ಈಗಲೂ ತೊಟ್ಟಿಯ ಗೋಡೆ ತಿಕ್ಕಿ, ಲೋಳೆ ತೆಗೆದು, ಒಣಗಿಸಿ, ಆಮೇಲೆ ಕ್ಲೋರಿನ್ ಹಾಕಬೇಕು. ಸುಮ್ನೆ ಕ್ಲೋರಿನ್ ಸುರಿದರೆ ಸಾಲದು ಎಂಬುದು 1996ರ ಆ ಮಂಗಳೂರಿನ ಪ್ರಯೋಗದಿಂದಲೇ ತಿಳಿದಿದೆ.