300 ವ್ಯಾಟ್ ಸ್ಪೀಕರ್ ಹಾಕಿಸಿದರೆ ಸದ್ದು ಜೋರಾಗುತ್ತದೆಯೇ?

ಪ್ರಶ್ನೆ: ನನ್ನ ಹಳೆಯ ಕಾರಿನ ಸ್ಪೀಕರ್‌ಗಳು ಗೊರಗೊರ ಎನ್ನುತ್ತಿವೆ. ಸ್ಟೀರಿಯೊ ಇದ್ದದ್ದೇ ಇಟ್ಟುಕೊಂಡು 300 ವ್ಯಾಟ್ ಸ್ಪೀಕರ್ ಹಾಕಿಸಿದರೆ ಸದ್ದು ಜೋರಾಗುತ್ತದೆಯೇ?

ಉತ್ತರ: ಸ್ಪೀಕರ್ ಖಂಡಿತ ಬದಲಿಸಿ. ವರ್ಷಗಟ್ಟಲೆ ಬಿಸಿಲು, ತೇವ ಉಂಡ ಕಾಗದದ ಕೋನ್ ಮೆತ್ತಗಾಗಿರುತ್ತದೆ. ಅಂಚಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತದೆ. ಹೊಸದರ ಅಂಚು ರಬ್ಬರಿನದಿರಲಿ. ಆದರೆ ಆ 300ರ ಆಸೆ ಬಿಡಿ. ಇದನ್ನು ಎಷ್ಟು ಸಲ ಹೇಳಿದ್ದೇನೋ! ಈ ಸಲ ಲೆಕ್ಕ ಸಮೇತ ಹೇಳುತ್ತೇನೆ.

ಸ್ಪೀಕರ್ ವ್ಯಾಟ್ ಹುಟ್ಟಿಸುವುದಿಲ್ಲ. ಸುಟ್ಟುಹೋಗದೆ ಎಷ್ಟು ತಡೆದುಕೊಳ್ಳಬಲ್ಲದು ಎಂಬುದಷ್ಟೇ ಡಬ್ಬದ ಮೇಲಿನ ಸಂಖ್ಯೆ. ದಪ್ಪಕ್ಷರದಲ್ಲಿರುವುದು ಸಾಮಾನ್ಯವಾಗಿ ಕ್ಷಣಮಾತ್ರದ ಪೀಕ್; ನೋಡಬೇಕಾದ್ದು ಆರ್‌ಎಂಎಸ್, ಅಂದರೆ ಸತತವಾಗಿ ತಡೆದುಕೊಳ್ಳುವ ವ್ಯಾಟ್. ದೊಡ್ಡ ಕೊಡ ಇಟ್ಟ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಹೆಚ್ಚು ಬರುತ್ತದೆಯೇ?

ಇನ್ನು ಆ ನಲ್ಲಿ, ಅಂದರೆ ಸ್ಟೀರಿಯೊ. ಅದರ ಮೇಲೆ ನಾಲ್ಕು ಚಾನೆಲ್‌ಗೆ ತಲಾ 50 ವ್ಯಾಟ್ ಎಂದು ಬರೆದಿರುತ್ತದೆ. ಅದನ್ನೂ ನಂಬಬೇಡಿ: ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದೇ ಸುಮಾರು 14.4 ವೋಲ್ಟ್. ಒಳಗಿನ ಪುಟ್ಟ ಆಂಪ್ಲಿಫೈಯರ್ ಚೂರೂ ಪೋಲು ಮಾಡದಿದ್ದರೂ, ಸದ್ದು ಒಡೆಯದಂತೆ 4 ಓಮ್ ಸ್ಪೀಕರಿಗೆ 26 ವ್ಯಾಟ್‌ಗಿಂತ ಹೆಚ್ಚು ಕೊಡಲಾಗದು. ಕೈಗೆ ಹತ್ತುವುದು 15ರಿಂದ 20. ಇಷ್ಟನ್ನು 300ರ ಸ್ಪೀಕರಿಗೆ ಕೊಟ್ಟರೂ 60ರದಕ್ಕೆ ಕೊಟ್ಟರೂ ಅದು ಅಷ್ಟೇ.

ಹಾಗಾಗಿ ಸೆನ್ಸಿಟಿವಿಟಿ ನೋಡಿ: 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಅಳತೆ. 3 ಡೆಸಿಬೆಲ್ ಏರಬೇಕಾದರೆ ಶಕ್ತಿ ಎರಡು ಪಟ್ಟಾಗಬೇಕು. ಅಂದಮೇಲೆ 93 ಡೆಸಿಬೆಲ್‌ನ 60 ವ್ಯಾಟ್ ಸ್ಪೀಕರ್ 15 ವ್ಯಾಟ್‌ನಲ್ಲಿ ಕೊಡುವ ಸದ್ದನ್ನು, 87 ಡೆಸಿಬೆಲ್‌ನ 300 ವ್ಯಾಟ್ ಸ್ಪೀಕರಿನಿಂದ ಹೊರಡಿಸಲು 60 ವ್ಯಾಟ್ ಬೇಕು. ನಿಮ್ಮ ಸ್ಟೀರಿಯೊದಲ್ಲಿ ಅದಿಲ್ಲ. ಒಂದು ಎಚ್ಚರಿಕೆ: ಕೆಲವರು 1 ವ್ಯಾಟ್ ಬದಲು 2.83 ವೋಲ್ಟ್ ಎಂದು ಬರೆಯುತ್ತಾರೆ. 4 ಓಮ್‌ಗೆ ಅದು 2 ವ್ಯಾಟ್. ಬರೆದದ್ದರಲ್ಲಿ 3 ಕಳೆದು ಹೋಲಿಸಿ.

ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ದೂರು ಇದೇ: ‘ಹೊಸದು ಹಾಕಿಸಿದ ಮೇಲೆ ಬೇಸ್ ಸತ್ತೇಹೋಯಿತು’. ಕೋನ್ ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಕ್ಕೂ ಎಳೆಯುತ್ತದೆ. ಡೋರಿನ ಒಳತಗಡಿನ ತೂತುಗಳಿಂದ ಹಿಂದಿನ ಸದ್ದು ಸುತ್ತಿಬಂದರೆ ಮುಂದಿನದನ್ನು ನುಂಗುತ್ತದೆ. ತೂತು ಮುಚ್ಚಿಸಿ, ಸ್ಪೀಕರಿನ ಸುತ್ತ ಫೋಮ್ ಪಟ್ಟಿ ಅಂಟಿಸಿ. ಡೋರಿನ ಕೆಳಗೆ ನೀರು ಬಸಿಯುವ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಗಾಜು ಪೂರ್ತಿ ಇಳಿಸಿದಾಗ ಮ್ಯಾಗ್ನೆಟ್‌ಗೆ ತಗಲುವುದೇ ಎಂದೂ ನೋಡಿ.

ಒಂದು ಬದಿಯ ಪ್ಲಸ್ ಮೈನಸ್ ಅದಲುಬದಲಾಗಿದ್ದರೂ ಬೇಸ್ ಹೋಗುತ್ತದೆ. ಹಳೆಯ ಕಾರಿನ ವೈರ್ ಬಣ್ಣ ನಂಬಬೇಡಿ. ಸ್ಟೀರಿಯೊದಿಂದ ಬಿಚ್ಚಿದ ವೈರ್ ತುದಿಗಳಿಗೆ 1.5 ವೋಲ್ಟ್ ಸೆಲ್ ಅರೆಕ್ಷಣ ಮುಟ್ಟಿಸಿ. ಕೋನ್ ಹೊರಕ್ಕೆ ನೆಗೆದರೆ ಸೆಲ್ಲಿನ ಪ್ಲಸ್ ತಾಗಿದ ವೈರೇ ಪ್ಲಸ್.