ದುಃಖದ ಬಣ್ಣ ಯಾವುದೆಂದು ಓಣಿಯನ್ನೇ ಕೇಳಿ

ಓಣಿಯ ಗೋಡೆಗೆ ಚಿತ್ರ ಬರೆಯಲು ಹೋದ ದಿನ ನಾನು ಬಣ್ಣದ ಡಬ್ಬಿ ತೆರೆಯುವುದಿಲ್ಲ. ಚಾಪೆ ಹಾಸಿ ಕೂತು, ‘ದುಃಖ ಅಂದ್ರೆ ಯಾವ ಬಣ್ಣ ನೆನಪಾಗುತ್ತೆ?’ ಎಂದು ಕೇಳುತ್ತೇನೆ. ಒಮ್ಮೆ ಒಬ್ಬ ಅಜ್ಜಿ ‘ಹಸಿರು’ ಅಂದುಬಿಟ್ಟರು. ಗಂಡ ತೀರಿಕೊಂಡಾಗ ಅವರ ಕೈಯಿಂದ ಒಡೆಸಿದ ಬಳೆಗಳ ಬಣ್ಣ ಅದು. ಪಕ್ಕದಲ್ಲಿದ್ದ ಬಸುರಿಗೆ ಅದೇ ಹಸಿರು ಸೀಮಂತದ ಸಂಭ್ರಮ.

ನೀಲಿ ಎಂದರೆ ದುಃಖ, ಹಳದಿ ಎಂದರೆ ಖುಷಿ ಎನ್ನುವ ಪಟ್ಟಿ ಹಿಡಿದು ಹೋಗಿದ್ದರೆ ಈ ಎರಡು ಮಾತೂ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಪಟ್ಟಿಗಳಾದರೂ ಒಂದೇ ಥರ ಇವೆಯೇ? ನಾಟ್ಯಶಾಸ್ತ್ರದಲ್ಲಿ ದುಃಖದ ರಸವಾದ ಕರುಣಕ್ಕೆ ಪಾರಿವಾಳದ ಬೂದು, ನೀಲಿ ಅಸಹ್ಯದ ಬೀಭತ್ಸಕ್ಕೆ, ಹಳದಿ ಬೆರಗಿನ ಅದ್ಭುತಕ್ಕೆ.

ಕೇಳಿದ ಮೇಲೆ ಕುಂಚವನ್ನೂ ಅವರ ಕೈಗೇ ಕೊಡಬೇಕು. ಬೆಂಗಳೂರಿನಲ್ಲಿ 2016ರಲ್ಲಿ ಶುರುವಾದ ಅರವಾನಿ ಆರ್ಟ್ ಪ್ರಾಜೆಕ್ಟ್‌ನ ಗೋಡೆಗಳನ್ನು ನಾನು ಮತ್ತೆ ಮತ್ತೆ ನೋಡುವುದು ಇದಕ್ಕೇ: ಜನ ಮುಖ ತಿರುಗಿಸಿಕೊಂಡು ಹೋಗುವ ಬೀದಿಯಲ್ಲಿ ಟ್ರಾನ್ಸ್ ಮಹಿಳೆಯರು ತಾವೇ ನಿಂತು ಗಾಢ ಬಣ್ಣ ಬಳಿದಿದ್ದಾರೆ. ಅಟ್ಟಣಿಗೆ ಹತ್ತಲಾಗದವರಿಗೆ ಅಮೆರಿಕದ ಫಿಲಡೆಲ್ಫಿಯಾದ ದಾರಿ ಇದೆ. 1984ರಿಂದ ನಡೆದಿರುವ ಅಲ್ಲಿನ ಭಿತ್ತಿಚಿತ್ರ ಕೆಲಸದಲ್ಲಿ ತೆಳು ಬಟ್ಟೆಯ ಮೇಲೆ ತುಂಡು ತುಂಡಾಗಿ ಬಣ್ಣ ತುಂಬಿಸಿ, ಆಮೇಲೆ ಗೋಡೆಗೆ ಅಂಟಿಸುತ್ತಾರೆ. ಜೈಲಿನಲ್ಲಿರುವವರೂ ಹಾಗೆ ಕೈ ಜೋಡಿಸಿದ್ದಾರೆ. ನಮ್ಮ ಅಜ್ಜಿಯೂ ಜಗಲಿಯಲ್ಲಿ ಕೂತೇ ತಮ್ಮ ಪಾಲಿನ ಹಸಿರು ತುಂಬಿದರು.

ಇನ್ನು ಗೋಡೆಯ ಮಾತು. ಹೊಸ ಗಾರೆ ಒಣಗಲು ನಾಲ್ಕು ವಾರವಾದರೂ ಬಿಡಿ. ತೇವವಿದ್ದರೆ ಉಪ್ಪು ಹೊರಬಂದು ಬಣ್ಣ ಹಕ್ಕಳೆ ಏಳುತ್ತದೆ. ಅಗ್ಗದ ಕಡುಗೆಂಪು ಬಿಸಿಲಿಗೆ ಬೇಗ ಮಂಕಾಗುತ್ತದೆ. ಯಾರದೋ ಸಿಟ್ಟೋ ಸಡಗರವೋ ಹೀಗೆ ಮಾಸಿಹೋದದ್ದನ್ನು ನೋಡಿ ಸಂಕಟಪಟ್ಟಿದ್ದೇನೆ. ಕಬ್ಬಿಣದ ಅಂಶವಿರುವ ಕೆಮ್ಮಣ್ಣಿನ ಕೆಂಪು ಬಾಳುತ್ತದೆ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವಾಗ ಗೋಡೆಗೆ ಸಾರಿಸುವುದು ಅದನ್ನೇ.

ಆ ಓಣಿಯಲ್ಲಿ ಎರಡು ಹಸಿರು ಅಕ್ಕಪಕ್ಕ ಬಂದವು, ಬಾಟಲಿಯಂಥ ಕಡುಹಸಿರು ಮತ್ತು ಗಿಳಿಹಸಿರು. ಯಾವುದು ಯಾರದೆಂದು ಫಲಕ ಬೇಡ ಅಂದರು, ಹಾಕಲಿಲ್ಲ. ಉಳಿದ ಬಣ್ಣವನ್ನು ಶೇಡ್ ನಂಬರ್ ಬರೆದು ಊರಲ್ಲೇ ಬಿಟ್ಟುಬರುವುದು ನನ್ನ ರೂಢಿ. ಮಾಸಿದಾಗ ಅವರೇ ಬಳಿದುಕೊಳ್ಳಲಿ ಅಂತ. ಅಲ್ಲಿನ ಡಬ್ಬಿಗಳು ಈಗ ಅಜ್ಜಿಯ ಮಂಚದ ಕೆಳಗಿವೆ.