ದಿನವಿಡೀ ನಿಂತೇ ಡ್ಯೂಟಿ, ಆದರೂ ಪೊಲೀಸರಿಗೆ ಹೊಟ್ಟೆ ಯಾಕೆ ಬರುತ್ತದೆ?

ಪ್ರಶ್ನೆ: ನಮ್ಮ ಯಜಮಾನರು ಹೆಡ್ ಕಾನ್‌ಸ್ಟೇಬಲ್. ಕೂರುವುದಕ್ಕೂ ಪುರುಸೊತ್ತಿಲ್ಲ, ಮನೆಯಲ್ಲಿ ಊಟ ಮಾಡುವುದೇ ಅಪರೂಪ. ಆದರೂ ಹೊಟ್ಟೆ ಬರುತ್ತಲೇ ಇದೆ. ಯಾಕೆ?

ಉತ್ತರ: ಮನೆಯಲ್ಲಿ ಊಟ ಅಪರೂಪ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಸರ್ಕಲ್‌ನಲ್ಲಿ ಎಂಟು ಗಂಟೆ ನಿಂತರೆ ಕಾಲು ಸೋಲುತ್ತದೆ, ಸೊಂಟ ಹಿಡಿಯುತ್ತದೆ. ಕೊಬ್ಬು ಮಾತ್ರ ಕರಗುವುದಿಲ್ಲ. ಸುಮ್ನೆ ನಿಂತರೆ ಖರ್ಚಾಗುವ ಕ್ಯಾಲೊರಿ, ಕೂತಾಗಿನದಕ್ಕಿಂತ ಸ್ವಲ್ಪವೇ ಜಾಸ್ತಿ. ದಣಿವು ಬೇರೆ, ವ್ಯಾಯಾಮ ಬೇರೆ.

ಇನ್ನು ಟೀ. ಲೋಟಕ್ಕೆ ಎರಡು ಚಮಚ ಸಕ್ಕರೆ ಅಂತ ಹಿಡಿದರೂ ಆರು ಟೀಗೆ 12 ಚಮಚ, ಹತ್ತಿರ ಹತ್ತಿರ 50 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಂದೋಬಸ್ತ್ ದಿನ ಪೊಟ್ಟಣದಲ್ಲಿ ಬರುವುದು ಚಿತ್ರಾನ್ನ ಇಲ್ಲವೇ ಪಲಾವ್. ತರಕಾರಿ ನೆಪಕ್ಕೆ.

ನಿಜವಾದ ಪೆಟ್ಟು ಬೀಳುವುದು ನಿದ್ದೆಗೆ. ರಾತ್ರಿ ಹೊತ್ತು ನಮ್ಮ ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಹಗಲು ಹತ್ತಕ್ಕೆ ತಿಂದ ಅದೇ ಬನ್ನು ನೈಟ್ ರೌಂಡ್ಸ್‌ನಲ್ಲಿ ಎರಡು ಗಂಟೆಗೆ ತಿಂದರೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಏರುತ್ತದೆ. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚು. ಅದರ ಮೇಲೆ ಮೇಲಿನವರ ಬೈಗುಳ, ಸಿಗದ ವಾರದ ರಜೆ. ಸದಾ ಒತ್ತಡದಲ್ಲೇ ಇದ್ದರೆ ಕಾರ್ಟಿಸೋಲ್ ಹಾರ್ಮೋನು ಏರಿಯೇ ಇರುತ್ತದೆ, ಕೊಬ್ಬು ಹೊಟ್ಟೆಯ ಸುತ್ತಲೇ ಸೇರುತ್ತದೆ.

2023ರಲ್ಲಿ ಅಸ್ಸಾಂ ಪೊಲೀಸ್ ಇಲಾಖೆ ತನ್ನ ಸಿಬ್ಬಂದಿಯ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಹೇಳುವ ಲೆಕ್ಕ, ಅಳೆಯಿತು. 30 ದಾಟಿದವರು ತೂಕ ಇಳಿಸಬೇಕು, ಇಲ್ಲದಿದ್ದರೆ ಸ್ವಯಂ ನಿವೃತ್ತಿಯ ದಾರಿ ಇದೆ ಎಂದಿತು. ಗಡುವು ಕೊಟ್ಟರೆ ಜನ ಓಡುತ್ತಾರೆ, ನಿಜ. ಆದರೆ ಡ್ಯೂಟಿ ಚಾರ್ಟ್ ಹಾಗೇ ಇದ್ದರೆ ಇಳಿದ ಹೊಟ್ಟೆ ಎಷ್ಟು ದಿನ ಇಳಿದಿರುತ್ತದೆ, ಅಲ್ವಾ?

ನೀವು ಮನೆಯಲ್ಲೇ ಮಾಡಬಹುದಾದ್ದು ಒಂದು ಅಳತೆ. ಬೆಲ್ಟ್ ನಂಬಬೇಡಿ. ಹೊಟ್ಟೆ ಬಂದವರು ಅದನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುತ್ತಾರೆ, ತೂತು ಬದಲಾಗುವುದೇ ಇಲ್ಲ! ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಹಿಡಿಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಬಿಪಿ, ಶುಗರ್ ನೋಡಿಸಬೇಕು. ರಾತ್ರಿ ಪಾಳಿಗೆ ಹೊರಡುವ ಮುಂಚೆ ಮನೆಯಲ್ಲೇ ಊಟ ಮುಗಿಸಲಿ. ಡಬ್ಬಿಗೆ ಬೇಯಿಸಿದ ಮೊಟ್ಟೆಯೋ ಹುರಿಗಡಲೆಯೋ ಹಾಕಿಕೊಡಿ. ಬೆಳಿಗ್ಗೆ ಬಂದಾಗ ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ, ಫೋನು ನೀವು ಇಟ್ಟುಕೊಳ್ಳಿ.

ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಎಳೆದಂತಾಗುತ್ತದೆಯೇ? ಗಮನಿಸಿ, ಡಾಕ್ಟರಿಗೆ ಹೇಳಿ. ಡ್ಯೂಟಿಯಲ್ಲಿ ತೂಕಡಿಸುವುದಕ್ಕೆ ಅದೂ ಕಾರಣವಿರಬಹುದು.

ಎದೆ ಹಿಡಿದಂತಾಗಿ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕೂರುವುದು ಬೇಡ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಸ್ಟೇಷನ್‌ಗೆ ಆಮೇಲೆ ಫೋನ್ ಮಾಡಿದರಾಯಿತು.